ಗಲಾಟೆಯ ನಡುವೆ ರೈಡ್

ಪ್ರಶ್ನೆ: ಮಗಳಿಗೆ 13 ವರ್ಷ, ಕಬಡ್ಡಿಯಲ್ಲಿ ರೈಡರ್. ಅಭ್ಯಾಸದಲ್ಲಿ ಚೆನ್ನಾಗಿ ಆಡುತ್ತಾಳೆ, ಪಂದ್ಯದಲ್ಲಿ ಜನ ಕೂಗಿದರೆ ತಿರುಗಿ ನೋಡಿ ಸಿಕ್ಕಿಬೀಳುತ್ತಾಳೆ. ಏನು ಮಾಡಲಿ? – ಒಬ್ಬ ತಾಯಿ, ಬದಿಯಡ್ಕ

ಉತ್ತರ: ಅಕ್ಕಾ, ನಮ್ಮ ಕಾಸರಗೋಡಿನಲ್ಲಿ ಅಂಕಣದ ಸುತ್ತ ನಿಂತವರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಸಲಹೆ ಕೂಗುತ್ತಾರೆ, ದೊಡ್ಡವರಿಗೇ ತಲೆ ಕೆಡುತ್ತದೆ, ಇನ್ನು ಮಗುವಿಗೆ ಕಷ್ಟ ಆಗದೆ ಇರುತ್ತದಾ? ಅವಳ ತಪ್ಪಲ್ಲ. ಆದರೆ ಒಂದು ರೈಡ್ ಅಂದರೆ 30 ಸೆಕೆಂಡು ಮಾತ್ರ. ಅಷ್ಟು ಹೊತ್ತು ಗಮನ ಹಿಡಿದಿಡುವುದನ್ನು ಕಲಿಸಬಹುದು. 'ಕಬಡ್ಡಿ ಕಬಡ್ಡಿ' ಅನ್ನುವುದು ನಿಯಮಕ್ಕಷ್ಟೇ ಅಲ್ಲ, ತನ್ನ ದನಿಯನ್ನೇ ಕೇಳಿಸಿಕೊಂಡರೆ ಹೊರಗಿನ ಸದ್ದು ಹಿಂದೆ ಸರಿಯುತ್ತದೆ. ಕಣ್ಣು ಎದುರಾಳಿಗಳ ಕಾಲು, ಸೊಂಟದ ಮೇಲಿರಲಿ. ಗೆರೆ ದಾಟುವ ಮೊದಲು ಒಂದು ದೀರ್ಘ ಉಸಿರು, ಪ್ರತಿ ಸಲವೂ. ಅಭ್ಯಾಸದಲ್ಲೇ ಗೆಳತಿಯರು ಸುತ್ತ ನಿಂತು ಅವಳ ಹೆಸರು ಹಿಡಿದು ಕೂಗಲಿ, ಮೊದಲು ಸ್ವಲ್ಪ, ಆಮೇಲೆ ಜಾಸ್ತಿ. ಕೋಚ್ ಹತ್ತಿರ ಕೇಳಿ ನೋಡಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮಕ್ಕಳು ತಿರುಗಿ ನೋಡುವುದು ಹೆಚ್ಚಾಗಿ ಮನೆಯವರ ದನಿಗೇ ಅಲ್ವಾ? ನೀವು, ಅವಳ ಅಪ್ಪ, ಮಾವ ಯಾರೂ 'ಬೋನಸ್ ತಗೋ, ವಾಪಸ್ ಬಾ' ಎಂದು ಕೂಗಬೇಡಿ. ರೈಡ್ ಮುಗಿದ ಮೇಲೆ ಜೋರಾಗಿ ಚಪ್ಪಾಳೆ ಹೊಡೆಯಿರಿ, ಸಿಕ್ಕಿಬಿದ್ದರೂ ಕೂಡ.