ಗುಡ್ಡದ ಇಳಿಜಾರಿನ ಮನೆ: ಹಿಂದಿನ ಮರ ಕಡಿಸಿದರೆ ಬುಡವನ್ನೂ ಕೀಳಿಸಬೇಕೇ?

ಬೇಡ, ಬುಡ ಒಂದಡಿ ಎತ್ತರಕ್ಕೆ ಹಾಗೇ ಇರಲಿ. ಮಂಗಳೂರಿನ ಎಷ್ಟೋ ಗುಡ್ಡಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಕೆಳಗೆ ಶೇಡಿಮಣ್ಣು, ಅಂದರೆ ನುಣುಪಾದ ಜೇಡಿಯಂಥ ಮಣ್ಣು, ಇದೆ; ನೀರು ಕುಡಿದರೆ ಅದರ ಬಿಗಿ ಹೋಗುತ್ತದೆ. ಜೇಸಿಬಿಯಲ್ಲಿ ಬುಡ ಕಿತ್ತರೆ ಮೇಲ್ಮಣ್ಣು ಹಿಡಿದಿದ್ದ ಬೇರೂ ಹೋಯಿತು, ಗುಂಡಿಯಲ್ಲಿ ನಿಂತ ಮಳೆನೀರೂ ಒಳಗಿಳಿಯಿತು. ಗುಡ್ಡ ಜರಿಯಲು ಅಷ್ಟು ಸಾಕು.

ಸತ್ತ ಬೇರು ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ. ಹಾಗಾಗಿ ಮೊದಲ ಮಳೆಗೇ ಇಳಿಜಾರಿಗೆ ಅಡ್ಡಸಾಲಾಗಿ, ಅರ್ಧ ಅಡಿಗೊಂದು ಲಾವಂಚದ ಸಸಿ ನೆಡಿ.

ಕಡಿಯುವುದು ಬೇಸಿಗೆಯಲ್ಲಿ, ತುದಿಯಿಂದ ತುಂಡು ತುಂಡಾಗಿ, ಹಗ್ಗ ಕಟ್ಟಿ ಇಳಿಸುತ್ತಾ. ಕೆಳಗೆ ಮನೆಯಿದ್ದೂ ನೇರ ಬುಡಕ್ಕೇ ಗರಗಸ ಹಾಕುವವರಿಗೆ ಕೆಲಸ ಕೊಡಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ; ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ.