ಯಾರ್ಕ್‌ನಲ್ಲಿ ಫೋಟೋಗೆ ಎಲ್ಲಿ ನಿಲ್ಲಬೇಕು?

ನಿಮ್ಮ ಪ್ರಶ್ನೆ ಇಷ್ಟು: ಅಕ್ಟೋಬರ್ ಮಧ್ಯದಲ್ಲಿ ಒಂದು ದಿನದ ಮಟ್ಟಿಗೆ ಲಂಡನ್‌ನಿಂದ ಯಾರ್ಕ್‌ಗೆ ಹೋಗುತ್ತೀರಿ, ಊರಿಂದ ಬಂದಿರುವ ಅಪ್ಪ ಅಮ್ಮ ಜೊತೆಗಿರುತ್ತಾರೆ, ಕೈಯಲ್ಲಿ ಫೋನು ಮತ್ತು ಒಂದು ಸಣ್ಣ ಕ್ಯಾಮೆರಾ. ಫೋಟೋ ಚೆನ್ನಾಗಿ ಬರುವ ಜಾಗ ಯಾವುದು?

ನಾನು ಎರಡು ವರ್ಷ ಲೀಡ್ಸ್‌ನಲ್ಲಿದ್ದೆ. ಅಲ್ಲಿಂದ ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಶನಿವಾರ ಬೇಜಾರಾದರೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದೆ. ನನ್ನ ಅಮ್ಮನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ಮೊದಲು, ಏನು ಮಾಡಬಾರದು ಅಂತ ಹೇಳುತ್ತೇನೆ. ಮಿನ್‌ಸ್ಟರ್‌ನ ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಬೇಡಿ. ಮಿನ್‌ಸ್ಟರ್ ಅಂದರೆ ಯಾರ್ಕ್‌ನ ದೊಡ್ಡ ಚರ್ಚು. ಈಗ ನಿಂತಿರುವ ಕಟ್ಟಡದ ಕೆಲಸ 1220ರ ಹೊತ್ತಿಗೆ ಶುರುವಾಗಿ 1472ರಲ್ಲಿ ಮುಗಿಯಿತು. ನಡುವಿನ ಗೋಪುರ 70 ಮೀಟರ್‌ಗಿಂತ ಎತ್ತರ. ಸುತ್ತಲಿನ ಬೀದಿಗಳೋ ಇಕ್ಕಟ್ಟು. ಮೊದಲ ಸಲ ಹೋದಾಗ ಅಲ್ಲೇ ನಿಂತು ಅರವತ್ತು ಫೋಟೋ ಹೊಡೆದೆ. ಅರವತ್ತರಲ್ಲೂ ಗೋಪುರಗಳು ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತಿದ್ದವು. ಮುಂದೆ ಮನುಷ್ಯರನ್ನು ನಿಲ್ಲಿಸಿದರೆ ಅವರು ಇರುವೆ. ಯಾರ್ಕ್‌ನಲ್ಲಿ ಒಳ್ಳೆಯ ಫೋಟೋ ಬೇಕಾದರೆ ಮಿನ್‌ಸ್ಟರ್‌ನಿಂದ ದೂರ ಹೋಗಬೇಕು. ಅದು ಮನೆಗಳ ಮಾಡಿನ ಮೇಲಿಂದ, ಎರಡು ಗೋಡೆಗಳ ಸಂದಿಯಿಂದ, ಮರಗಳ ನಡುವಿನಿಂದ ಇಣುಕುವಾಗಲೇ ಚೆಂದ.

ಎಲ್ಲಕ್ಕಿಂತ ಒಳ್ಳೆಯ ಜಾಗ ಊರಿನ ಕೋಟೆ ಗೋಡೆ. ಸುಮಾರು 3.4 ಕಿಲೋಮೀಟರ್ ಉಳಿದುಕೊಂಡಿದೆ, ಮೇಲೆ ನಡೆಯಬಹುದು, ಟಿಕೆಟ್ ಇಲ್ಲ. ಬೆಳಗ್ಗೆ 8ಕ್ಕೆ ತೆಗೆಯುತ್ತಾರೆ, ಕತ್ತಲಾಗುವಾಗ ಮುಚ್ಚುತ್ತಾರೆ. ಪೂರ್ತಿ ಸುತ್ತುವ ಅಗತ್ಯ ನಿಮಗಿಲ್ಲ. ಎರಡು ತುಂಡು ಸಾಕು.

ಒಂದು, ರೈಲ್ವೆ ಸ್ಟೇಷನ್ ಎದುರಿನಿಂದ ಲೆಂಡಲ್ ಸೇತುವೆ ಕಡೆಗೆ ಇಳಿಯುವ ತುಂಡು. ಗೋಡೆ ಮೆಲ್ಲಗೆ ತಿರುಗುತ್ತದೆ, ಕೆಳಗೆ ರಸ್ತೆ, ಅದರಾಚೆ ಊಸ್ ನದಿಯ ಸೇತುವೆ, ಹಿಂದೆ ಮಿನ್‌ಸ್ಟರ್‌ನ ಮೂರೂ ಗೋಪುರ. ಪೋಸ್ಟ್‌ಕಾರ್ಡ್‌ಗಳಲ್ಲಿ ನೋಡುವ ಯಾರ್ಕ್ ಇದೇ. ಇಲ್ಲಿ ನಿಂತಾಗ ನೀವು ಈಶಾನ್ಯಕ್ಕೆ ಮುಖ ಮಾಡಿರುತ್ತೀರಿ. ಅಂದರೆ ಮಧ್ಯಾಹ್ನ ಕಳೆದ ಮೇಲೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಮಿನ್‌ಸ್ಟರ್ ಮೇಲೆ ನೇರವಾಗಿ ಬೀಳುತ್ತದೆ. ಅದು ಕೆನೆ ಬಣ್ಣದ ಸುಣ್ಣಕಲ್ಲು. ಸಂಜೆ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಸ್ಟೇಷನ್ನಿಂದ ಹೊರಬಂದ ಕೂಡಲೇ ಇದು ಕಣ್ಣಿಗೆ ಬೀಳುತ್ತದೆ, ಎಲ್ಲರೂ ಆಗಲೇ ಹೊಡೆದು ಮುಂದೆ ಹೋಗುತ್ತಾರೆ. ನೀವು ತಡೆದುಕೊಳ್ಳಿ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಹೊತ್ತಿಗೆ. ಐದಕ್ಕೆ ಇಲ್ಲಿರಿ.

ಐದೂಮುಕ್ಕಾಲು ಅಂತ ಲೆಕ್ಕ ಹಾಕಬೇಡಿ. ಒಂದು ಸಲ ನಾನು ಬೆಳಕು ಇನ್ನೂ ಕೆಂಪಾಗಲಿ, ಇನ್ನೂ ಕೆಂಪಾಗಲಿ ಅಂತ ಕಾದು ಮೆಟ್ಟಿಲ ಹತ್ತಿರ ಬಂದರೆ ಬೀಗ ಹಾಕುವವರು ನಿಂತಿದ್ದರು. ಪಾಪ, ನಗುತ್ತಲೇ ಬೇಡ ಅಂದರು. ರಸ್ತೆಯ ಪಕ್ಕದ ಹುಲ್ಲಿನ ಮೇಲಿಂದಲೂ ಹೆಚ್ಚುಕಡಿಮೆ ಅದೇ ನೋಟ ಸಿಗುತ್ತದೆ ಅಂತ ಗೊತ್ತಾಗಿದ್ದು ಅವತ್ತೇ. ಮಂಡಿ ನೋವಿದ್ದವರಿಗೆ ಅದೇ ವಾಸಿ. ಗೋಡೆಯ ಮೆಟ್ಟಿಲು ಏರುಪೇರು, ಒಳಬದಿಯಲ್ಲಿ ಕೆಲವು ಕಡೆ ಕಂಬಿಯೇ ಇಲ್ಲ. ಫೋನ್ ನೋಡುತ್ತ ಹಿಂದೆ ಹಿಂದೆ ಸರಿಯಬೇಡಿ, ಖಂಡಿತ.

ಎರಡನೆಯದು ಬೂದಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ತುಂಡು. ಬಾರ್ ಅಂದರೆ ಅಪ್ಪ ಗಾಬರಿಯಾಗುವುದು ಬೇಡ, ಇವು ಕೋಟೆ ಬಾಗಿಲುಗಳು. ಈ ಊರಿನಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಗೇಟಿಗೆ ಬಾರ್ ಅನ್ನುತ್ತಾರೆ, ಬಾರಿಗೆ ಪಬ್ ಅನ್ನುತ್ತಾರೆ ಅಂತ ಅಲ್ಲಿನವರದೇ ಹಳೆಯ ಜೋಕು. ಬೀದಿಗೆ ಗೇಟ್ ಅನ್ನುವ ಮಾತು ವೈಕಿಂಗರ ಭಾಷೆಯಿಂದ ಬಂದದ್ದು. ಈ ತುಂಡಿನಲ್ಲಿ ಮಿನ್‌ಸ್ಟರ್‌ನ ಹಿಂಭಾಗ, ಚಾಪ್ಟರ್ ಹೌಸ್ ಅನ್ನುವ ಪಾದ್ರಿಗಳ ಎಂಟು ಮೂಲೆಯ ಸಭಾಭವನ, ಶ್ರೀಮಂತರ ಹಿತ್ತಿಲುಗಳು ಕಾಣುತ್ತವೆ. ಇದು ಉತ್ತರದ ಮಗ್ಗುಲು, ಅಕ್ಟೋಬರ್‌ನಲ್ಲಿ ಬಿಸಿಲೇ ತಾಗದು. ಕಲ್ಲಿನ ಬಣ್ಣಕ್ಕೆ ಆಸೆಪಡಬೇಡಿ. ಬದಲಿಗೆ ಎದುರು ಬೆಳಕಿನಲ್ಲಿ ಹಳದಿ ಎಲೆಗಳು ಹೊಳೆಯುತ್ತವೆ, ಅವುಗಳ ಹಿಂದೆ ಮಿನ್‌ಸ್ಟರ್ ಕಪ್ಪು ನೆರಳಾಗಿ ನಿಲ್ಲುತ್ತದೆ. ನನಗೆ ಪೋಸ್ಟ್‌ಕಾರ್ಡ್ ನೋಟಕ್ಕಿಂತ ಇದೇ ಜಾಸ್ತಿ ಇಷ್ಟ.

ಅಲ್ಲೇ ಕೆಳಗಿರುವುದು ಡೀನ್ಸ್ ಪಾರ್ಕ್. ಕೂರಲು ಬೆಂಚುಗಳಿವೆ, ಅಪ್ಪ ಅಮ್ಮ ಸುಧಾರಿಸಿಕೊಳ್ಳಲಿ. ಮೂಲೆಯಲ್ಲಿ ಹಳೆಯ ಆರ್ಚ್‌ಬಿಷಪ್ ಅರಮನೆಯ ಕಮಾನುಗಳ ಒಂದು ಸಾಲು ಉಳಿದಿದೆ. ಅದು ಈಗ ಬ್ರಿಟಿಷ್ ಸೇನೆಯ ಎರಡನೇ ಡಿವಿಷನ್‌ನ ಸ್ಮಾರಕ. 1944ರಲ್ಲಿ ನಮ್ಮ ಕೊಹಿಮಾದಲ್ಲಿ ಜಪಾನಿಗಳ ವಿರುದ್ಧ ಹೋರಾಡಿದ ಡಿವಿಷನ್ ಅದು. ಊರಿನ ದಕ್ಷಿಣದಲ್ಲಿರುವ ಸೇನಾ ಬ್ಯಾರಕ್ಸ್‌ಗೆ ಇಂಫಾಲ್ ಅಂತಲೇ ಹೆಸರು, ಅದರೊಳಗೆ ಕೊಹಿಮಾ ಮ್ಯೂಸಿಯಂ ಇದೆ. ಇಷ್ಟು ದೂರ ಬಂದು ಈ ಹೆಸರುಗಳನ್ನು ಕೇಳಿದಾಗ ನನಗೆ ಒಂಥರಾ ಆಗಿತ್ತು.

ಇನ್ನು ಶಾಂಬಲ್ಸ್. ನೀವು ಕೇಳದಿದ್ದರೂ ಎಲ್ಲರೂ ಹೇಳುವ ಬೀದಿ. ಇದು ಕಟುಕರ ಬೀದಿಯಾಗಿತ್ತು. ಮನೆಗಳ ಮೇಲಂತಸ್ತು ಎರಡೂ ಕಡೆಯಿಂದ ಮುಂದಕ್ಕೆ ಚಾಚಿವೆ, ಮೇಲೆ ಕೈ ಚಾಚಿದರೆ ಎದುರುಮನೆ ಕಿಟಕಿ ಸಿಗುತ್ತದೇನೋ ಅನ್ನಿಸುತ್ತದೆ. ಬಿಸಿಲು ಬಿದ್ದು ಮಾಂಸ ಕೆಡದಿರಲಿ ಅಂತ ಹೀಗೆ ಅನ್ನುತ್ತಾರೆ. 1872ರಲ್ಲೂ ಇಲ್ಲಿ 25 ಮಾಂಸದಂಗಡಿಗಳಿದ್ದವು, ಈಗ ಒಂದೂ ಇಲ್ಲ. ಕೆಲವು ಅಂಗಡಿಗಳ ಮುಂದೆ ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು, ಅಗಲವಾದ ಕಿಟಕಿ ಹಲಗೆಗಳು ಹಾಗೇ ಇವೆ. ಈಗ ಮಾರುವುದು ಮಿಠಾಯಿ, ಮಂತ್ರದಂಡ, ಮಾಂತ್ರಿಕರ ಟೋಪಿ. ಹನ್ನೊಂದು ಗಂಟೆಗೆ ಹೋದರೆ ನಿಮ್ಮ ಫೋಟೋದಲ್ಲಿ ಬರುವುದು ಬರೀ ತಲೆಗಳು. ಅಂಗಡಿ ತೆಗೆಯುವ ಮೊದಲೇ ಹೋಗಿ. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಎರಡು ಗಂಟೆಯ ಹಾದಿ, ಏಳರ ರೈಲು ಹಿಡಿದರೆ ಒಂಬತ್ತೂಕಾಲರ ಒಳಗೆ ಶಾಂಬಲ್ಸ್‌ನಲ್ಲಿ ಇರಬಹುದು. ಬಿಸಿಲಿಲ್ಲದ ದಿನವಾದರೆ ಬೇಸರ ಬೇಡ. ಇಷ್ಟು ಇಕ್ಕಟ್ಟಿನ ಬೀದಿಯಲ್ಲಿ ಬಿಸಿಲು ಬಿದ್ದರೆ ಅರ್ಧ ಸುಟ್ಟು ಬಿಳಿ, ಅರ್ಧ ಕಪ್ಪು. ಮೋಡ ಇರಬೇಕು, ಮಳೆ ಬಂದು ನಿಂತಿದ್ದರಂತೂ ಕಲ್ಲುಹಾಸು ಕನ್ನಡಿ. ಕ್ಯಾಮೆರಾವನ್ನು ಮಂಡಿಯ ಮಟ್ಟಕ್ಕೆ ಇಳಿಸಿ ಹೊಡೆಯಿರಿ.

ಅದೇ ಕಲ್ಲು ಜಾರುತ್ತದೆ ಕೂಡ. ಅಮ್ಮನಿಗೆ ಶೂ ಹಾಕಿಸಿ, ಚಪ್ಪಲಿ ಬೇಡ.

ಶಾಂಬಲ್ಸ್ ದಾಟಿ ಲೋ ಪೀಟರ್‌ಗೇಟ್‌ಗೆ ಬನ್ನಿ. ಬಾಗಿದ ಇಟ್ಟಿಗೆ ಮನೆಗಳು, ಅಂಗಡಿ ಬೋರ್ಡುಗಳು, ಅವುಗಳ ತಲೆಯ ಮೇಲೆ ಇದ್ದಕ್ಕಿದ್ದ ಹಾಗೆ ಮಿನ್‌ಸ್ಟರ್. ನಾನು ಹೇಳಿದ ಸಂದಿಯ ನೋಟ ಇದು. ಬೆಳಗಿನ ಬೆಳಕು ಇಲ್ಲಿ ನಿಮ್ಮ ಬೆನ್ನ ಕಡೆಯಿಂದ ಬರುತ್ತದೆ. ಫೋನಿನಲ್ಲಿ ಎರಡು ಪಟ್ಟು ಜೂಮ್ ಮಾಡಿ, ಮಿನ್‌ಸ್ಟರ್ ಮನೆಗಳ ಮೇಲೆ ಬಂದು ಕೂತ ಹಾಗೆ ಕಾಣುತ್ತದೆ. ಅಗಲ ಲೆನ್ಸ್ ಬಳಸಿದರೆ ಅದೇ ಮಿನ್‌ಸ್ಟರ್ ಬೆಂಕಿಪೊಟ್ಟಣದಷ್ಟಾಗುತ್ತದೆ. ಪಕ್ಕದ ಸ್ಟೋನ್‌ಗೇಟ್ ಕೂಡ ಚೆಂದವೇ. ಬೀದಿಗೆ ಅಡ್ಡಲಾಗಿ ಒಂದು ಪಬ್‌ನ ಹಳೆಯ ಬೋರ್ಡು, ಒಂದು ಮೂಲೆಯಲ್ಲಿ ಗೋಡೆಗಂಟಿದ ಕೆಂಪು ದೆವ್ವದ ಗೊಂಬೆ. ಅಲ್ಲಿ ಮುದ್ರಣದಂಗಡಿ ಇದ್ದ ಗುರುತು ಅದು. ಪ್ರೆಸ್‌ನಲ್ಲಿ ಕೆಲಸ ಮಾಡುವ ಹುಡುಗರಿಗೆ ದೆವ್ವ ಅನ್ನುತ್ತಿದ್ದರಂತೆ.

ಬೆಳಗ್ಗೆಯೇ ಮುಗಿಸಬೇಕಾದ ಇನ್ನೊಂದು, ಮಿನ್‌ಸ್ಟರ್‌ನ ಪೂರ್ವದ ಮುಖ. ಕಾಲೇಜ್ ಸ್ಟ್ರೀಟ್ ಕಡೆಯಿಂದ ಹೋಗಿ. ಒಂದು ಬದಿಗೆ ಮರದ ತೊಲೆಗಳ ಸೇಂಟ್ ವಿಲಿಯಮ್ಸ್ ಕಾಲೇಜ್ ಕಟ್ಟಡ, ಎದುರಿಗೆ ಹುಲ್ಲು. ಹುಲ್ಲಿನ ಆಚೆ ತುದಿಗೆ ಹೋದರೆ ಹಿಂದೆ ಸರಿಯಲು ಜಾಗ ಸಿಗುತ್ತದೆ.

ಬಿಸಿಲು ನೆತ್ತಿಗೇರಿದ ಹೊತ್ತಿಗೆ ಒಳಗೆ ಹೋಗಿ. ಟಿಕೆಟ್ ಇದೆ, ಕೊಡಿ, ಮೋಸವಿಲ್ಲ. ಪೂರ್ವದ ದೊಡ್ಡ ಕಿಟಕಿಯನ್ನು ಜಾನ್ ಥಾರ್ನ್‌ಟನ್ ಎಂಬಾತ 1405ರಿಂದ 1408ರವರೆಗೆ ಮೂರೇ ವರ್ಷದಲ್ಲಿ ಮಾಡಿಕೊಟ್ಟ. ಒಂದು ಟೆನಿಸ್ ಅಂಕಣದಷ್ಟು ಬಣ್ಣದ ಗಾಜು. ಉತ್ತರ ಕಡೆಯ ಫೈವ್ ಸಿಸ್ಟರ್ಸ್ ಕಿಟಕಿ ಇನ್ನೂ ಹಳೆಯದು, 1260ರ ಆಸುಪಾಸಿನದು, ಬೂದು ಹಸಿರು ಬಣ್ಣದ ಲಕ್ಷಕ್ಕೂ ಮಿಕ್ಕಿದ ಚೂರುಗಳು. ಫೋನಿನಲ್ಲಿ ಗಾಜಿನ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆ ಎಳೆಯಿರಿ. ಇಲ್ಲದಿದ್ದರೆ ಕಿಟಕಿ ಟ್ಯೂಬ್‌ಲೈಟಿನ ಹಾಗೆ ಬಿಳಿಚಿಕೊಳ್ಳುತ್ತದೆ.

ದಕ್ಷಿಣ ಭಾಗದಲ್ಲಿ ತಲೆ ಎತ್ತಿ ನೋಡಿ. 1984ರ ಜುಲೈ 9ರಂದು ಅಲ್ಲಿ ಬೆಂಕಿ ಬಿದ್ದು ಮಾಡು ಪೂರ್ತಿ ಕುಸಿಯಿತು. ರೋಸ್ ಕಿಟಕಿಯ ಗಾಜು ಸಾವಿರಾರು ಬಿರುಕು ಬಿಟ್ಟಿತು, ಬೀಳಲಿಲ್ಲ. ಹೊಸ ಚಾವಣಿಗೆ ಮರದ ಕೆತ್ತನೆ ಬೇಕಾದಾಗ ಟಿವಿ ಕಾರ್ಯಕ್ರಮವೊಂದು ಮಕ್ಕಳಿಗೆ ಸ್ಪರ್ಧೆ ಇಟ್ಟಿತ್ತು. ಗೆದ್ದ ಚಿತ್ರಗಳಲ್ಲಿ ಒಂದು ಚಂದ್ರನ ಮೇಲಿಳಿದ ಮನುಷ್ಯ. ಮಧ್ಯಯುಗದ ಚರ್ಚಿನ ಚಾವಣಿಯಲ್ಲಿ ಗಗನಯಾತ್ರಿ! ನಿಮ್ಮ ಕ್ಯಾಮೆರಾದ ಜೂಮ್ ಇದಕ್ಕೆ ಬೇಕು.

ನಡುಗೋಪುರ ಹತ್ತುವುದು ನಿಮ್ಮಿಷ್ಟ. 275 ಮೆಟ್ಟಿಲು, ಇಕ್ಕಟ್ಟು, ಬೇರೆ ದುಡ್ಡು. ನಾನು ಹತ್ತಿದ್ದೇನೆ. ಊರೆಲ್ಲ ಕಾಣುತ್ತದೆ, ಮಿನ್‌ಸ್ಟರ್ ಒಂದು ಬಿಟ್ಟು! ಅದರ ಮೇಲೇ ನಿಂತಿರುತ್ತೀರಲ್ಲ. ಅದಕ್ಕಿಂತ ಕ್ಲಿಫರ್ಡ್ಸ್ ಟವರ್ ವಾಸಿ. ಊರಿನ ದಕ್ಷಿಣಕ್ಕೆ ಒಂದು ದಿಬ್ಬದ ಮೇಲೆ 13ನೇ ಶತಮಾನದ, ನಾಲ್ಕೆಸಳಿನ ಹೂವಿನ ಆಕಾರದ ಕಲ್ಲಿನ ಗೋಪುರ. 2022ರಲ್ಲಿ ದುರಸ್ತಿ ಮಾಡಿ ಮೇಲೆ ಮರದ ಅಟ್ಟಣಿಗೆ ಕಟ್ಟಿದ್ದಾರೆ. ಮೂರು ನಾಲ್ಕು ಗಂಟೆಗೆ ಅಲ್ಲಿ ನಿಂತರೆ ಕೆಂಪು ಹೆಂಚಿನ ಮಾಡುಗಳು, ಅವುಗಳಾಚೆ ಹಡಗಿನ ಹಾಗೆ ಮಿನ್‌ಸ್ಟರ್. ಮೆಟ್ಟಿಲು ಕಡಿದಾಗಿವೆ, ಅಪ್ಪ ಅಮ್ಮನಿಗೆ ಆಗದಿದ್ದರೆ ಒತ್ತಾಯ ಬೇಡ. ಇನ್ನೊಂದು ವಿಷಯ ತಿಳಿದಿರಲಿ. 1190ರ ಮಾರ್ಚ್‌ನಲ್ಲಿ ಊರಿನ ಗುಂಪೊಂದು ಅಟ್ಟಿಸಿಕೊಂಡು ಬಂದಾಗ ಇಲ್ಲಿದ್ದ ಮರದ ಕೋಟೆಯಲ್ಲಿ ಅಡಗಿದ್ದ ಯಹೂದಿಗಳು, ಸುಮಾರು 150 ಮಂದಿ, ಸತ್ತುಹೋದರು. ಹೆಚ್ಚಿನವರು ಗುಂಪಿನ ಕೈಗೆ ಸಿಗುವ ಬದಲು ತಮ್ಮವರ ಕೈಯಲ್ಲೇ ಜೀವ ಬಿಟ್ಟರು. ಕೆಳಗೆ ಅದರ ಫಲಕ ಇದೆ. ಆ ದಿಬ್ಬದ ಮೇಲೆ ಕುಣಿಯುತ್ತ ರೀಲ್ಸ್ ಮಾಡುವವರನ್ನು ಕಂಡಿದ್ದೇನೆ, ಬೇಡ ಅನ್ನಿಸುತ್ತದೆ.

ಅಮ್ಮ ಅಪ್ಪನ ಫೋಟೋಗೆ ಅಂತಲೇ ಕೇಳಿದರೆ ನಾನು ಹೇಳುವುದು ಮ್ಯೂಸಿಯಂ ಗಾರ್ಡನ್ಸ್. ಸೇಂಟ್ ಮೇರಿ ಮಠದ ಪಾಳುಗೋಡೆ, ಗಾಜಿಲ್ಲದ ಕಮಾನು ಕಿಟಕಿಗಳು, ಸುತ್ತ ಹುಲ್ಲು, ಓಡಾಡುವ ಅಳಿಲುಗಳು, ಟಿಕೆಟ್ ಇಲ್ಲ. ನನ್ನ ಅಮ್ಮ ಕೆಂಪು ಇಳಕಲ್ ಸೀರೆ ಉಟ್ಟಿದ್ದಳು. ಆ ಮಾಸಲು ಕಲ್ಲಿನ ಮುಂದೆ ಅದು ಎಷ್ಟು ಎದ್ದು ಕಾಣುತ್ತದೆ ಗೊತ್ತಾ! ಆದರೆ ಮೇಲೆ ಕಪ್ಪು ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು. ಎರಡು ನಿಮಿಷ ತೆಗೆಯಮ್ಮ ಅಂದರೆ ಚಳಿ ಚಳಿ ಅಂತ ಗೊಣಗಿದಳು. ಫೋಟೋ ತೆಗೆದಾದ ಮೇಲೆ ತಾನೇ ಇನ್ನೊಂದು ತೆಗಿ ಅಂದಳು. ನಿಮ್ಮ ಅಮ್ಮನಿಗೂ ಗಾಢ ಬಣ್ಣದ ಸೀರೆ ಉಡಿಸಿ. ಬೂದು, ಕೆನೆ ಬಣ್ಣ ಬೇಡ, ಗೋಡೆಯಲ್ಲಿ ಕರಗಿಹೋಗುತ್ತಾರೆ.

ಮಳೆ ಹಿಡಿದುಕೊಂಡರೆ ಎರಡು ಜಾಗ. ಗುಡ್ರಮ್‌ಗೇಟ್‌ನಲ್ಲಿ ಒಂದು ಸಣ್ಣ ಗೇಟಿನೊಳಗೆ ಹೋಲಿ ಟ್ರಿನಿಟಿ ಚರ್ಚು ಅಡಗಿದೆ. ಪೆಟ್ಟಿಗೆಯ ಹಾಗೆ ಬಾಗಿಲಿರುವ ಹಳೆಯ ಮರದ ಆಸನಗಳು, ಸೊಟ್ಟಗಾದ ನೆಲ, ಕಿಟಕಿಯ ಬೆಳಕು. ನಾನು ಹೋದಾಗಲೆಲ್ಲ ಅಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಇರಲಿಲ್ಲ. ಇಲ್ಲವೇ ಸ್ಟೇಷನ್ ಹಿಂದಿನ ರೈಲ್ವೆ ಮ್ಯೂಸಿಯಂ, ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿ ಉಗಿಬಂಡಿಗಳ ದಾಖಲೆ ಬರೆದ ನೀಲಿ ಮಲ್ಲಾರ್ಡ್ ಅಲ್ಲಿನದು. ಅಪ್ಪನನ್ನು ಒಳಗೆ ಬಿಟ್ಟರೆ ಹೊರಗೆ ಕರೆತರುವುದು ಕಷ್ಟ, ಅದೊಂದು ನೆನಪಿಡಿ.

ವಾಪಸ್ ರೈಲು ಎಷ್ಟು ಗಂಟೆಗೆ ಅಂತ ನೀವು ಬರೆದಿಲ್ಲ. ಏಳರ ನಂತರದ್ದಾದರೆ ಗೋಡೆ ಮುಗಿಸಿ ಲೆಂಡಲ್ ಸೇತುವೆಗೆ ಇಳಿಯಿರಿ. ಕತ್ತಲು ಪೂರ್ತಿ ಬೀಳುವ ಮೊದಲು ಇಪ್ಪತ್ತು ನಿಮಿಷ ಆಕಾಶ ನೀಲಿ ಇರುತ್ತದೆ, ನದಿಯಂಚಿನ ಗಿಲ್ಡ್‌ಹಾಲ್ ದೀಪಗಳು ನೀರಿನಲ್ಲಿ ಉದ್ದುದ್ದ ಗೆರೆಗಳಾಗುತ್ತವೆ. ಫೋನನ್ನು ಸೇತುವೆಯ ಕಂಬಿಗೆ ಒತ್ತಿ ಹಿಡಿಯಿರಿ, ಅಲುಗುವುದಿಲ್ಲ. ರೈಲು ಅದಕ್ಕೂ ಮುಂಚಿನದಾದರೆ ಬೇಗ ಸ್ಟೇಷನ್‌ಗೆ ಬಂದು ಪ್ಲಾಟ್‌ಫಾರ್ಮ್ ದಾಟುವ ಮೇಲ್ಸೇತುವೆ ಹತ್ತಿ. 1877ರ ಕಟ್ಟಡ, ಕಬ್ಬಿಣದ ಕಮಾನುಗಳ ಮಾಡು ಹಳಿಯ ಜೊತೆಗೇ ಬಾಗಿ ಹೋಗುತ್ತದೆ. ಅಲ್ಲಿಂದ ನಿಮ್ಮ ರೈಲು ಬರುವುದನ್ನೇ ಹೊಡೆಯಬಹುದು. ಆಮೇಲೆ ಓಡಿ ಹತ್ತಬೇಕು ಅಷ್ಟೆ.