ಒಂದೇ ನಗರದಲ್ಲಿ ಕೂತು ಆಡಲು ಯಾವುದು ಒಳ್ಳೇದು?

ಕುಮಟಾದಿಂದ ಕೇಳಿದವರಿಗೆ: ಉತ್ತರ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ರೋಲ್‌ಪ್ಲೇ ಆಟ. ನಾಲ್ಕು ಜನ ಆಟಗಾರರು, ಭಾನುವಾರ ಮಧ್ಯಾಹ್ನದ ಆಟ, ಕಥೆ ನಡೆಸಿ ಆಡಿಸೋದು ನಿಮಗೆ ಮೊದಲ ಸಲ, ಕಥೆ ಪೂರ್ತಿ ಒಂದೇ ನಗರದಲ್ಲಿ ನಡೀಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎರಡು ಕಲ್ಪಿತ ನಗರಗಳಲ್ಲಿ ವಾಟರ್‌ಡೀಪ್ ತಗೊಳ್ಳಲಾ, ಶಾರ್ನ್ ತಗೊಳ್ಳಲಾ ಅಂತ ಕೇಳಿದ್ದೀರಿ.

ನಗರ ಅಂತ ಆರಿಸಿದ್ದೇ ಒಳ್ಳೆಯದಾಯಿತು. ನಮ್ಮ ಶಿರಸಿ ಕಡೆ ಅಡಿಕೆಯ ಕೊನೆ ಕೊಯ್ಲು ಶುರುವಾದರೆ ಅರ್ಧ ಜನ ತೋಟ ಬಿಟ್ಟು ಬರುವುದಿಲ್ಲ. ಹಿಂದಿನ ವಾರ ಆಟ ಯಾವುದೋ ಗುಹೆಯೊಳಗೆ ನಿಂತಿದ್ದರೆ ಬಾರದವನ ಪಾತ್ರವನ್ನು ಏನು ಮಾಡೋದು? ನಗರದಲ್ಲಾದರೆ ‘ಅವನು ಇವತ್ತು ಪೇಟೆಗೆ ಹೋಗಿದ್ದಾನೆ’ ಅಂದರೆ ಮುಗಿಯಿತು. ಅದಕ್ಕೇ ಪ್ರತಿ ಸೆಷನ್ ಮುಗಿಯುವಾಗ ಎಲ್ಲರ ಪಾತ್ರಗಳೂ ಮನೆ ಸೇರಿರಬೇಕು ಅಂತ ಒಂದು ನಿಯಮ ಇಟ್ಟುಕೊಳ್ಳಿ.

ವಾಟರ್‌ಡೀಪ್ ಸುಲಭದ ದಾರಿ. 2018ರಲ್ಲಿ ಬಂದ ‘ಡ್ರ್ಯಾಗನ್ ಹೈಸ್ಟ್’ ಪುಸ್ತಕದಲ್ಲಿ ಐದು ಲಕ್ಷ ಚಿನ್ನದ ನಾಣ್ಯ ಎಲ್ಲೋ ಅಡಗಿದೆ, ಖಳರು ನಾಲ್ಕು ಕಡೆಯವರು, ಅವರಲ್ಲಿ ಒಬ್ಬರನ್ನು ನೀವು ಆರಿಸಬೇಕು. ನನಗೆ ಅದರಲ್ಲಿ ಇಷ್ಟವಾದದ್ದು ನಿಧಿ ಅಲ್ಲ. ಆಟಗಾರರ ಕೈಗೆ ಟ್ರೋಲ್‌ಸ್ಕಲ್ ಅನ್ನೋ ಪಾಳುಬಿದ್ದ ಹಳೇ ಪಾನಗೃಹ ಸಿಗುತ್ತದೆ ನೋಡಿ, ಅದು. ರಿಪೇರಿ ಖರ್ಚು, ಅಕ್ಕಪಕ್ಕದವರ ಜಗಳ, ಎದುರಾಳಿ ಹೋಟೆಲಿನವನ ಕಿರಿಕಿರಿ, ಎಲ್ಲ ಬರುತ್ತದೆ. ಸ್ವಂತ ಮನೆ ಅಂತ ಆದಮೇಲೆ ಊರು ಬಿಟ್ಟು ಯಾರೂ ಹೋಗಲ್ಲ. ಆದರೆ ಪಾತ್ರಗಳು ಬಲ ಏರುತ್ತಾ ಐದನೇ ಲೆವೆಲ್‌ಗೆ ಬರುವಷ್ಟರಲ್ಲಿ ಆ ಪುಸ್ತಕ ಮುಗಿಯುತ್ತದೆ. ಮುಂದಿನದು ನಿಮ್ಮ ತಲೆನೋವು.

ಶಾರ್ನ್ ನೋಡೋಕೆ ಚೆಂದ. 2004ರಲ್ಲಿ ಬಂದ ಎಬೆರಾನ್ ಅನ್ನೋ ಕಲ್ಪಿತ ಲೋಕದ್ದು, ಮೈಲುದ್ದದ ಗೋಪುರಗಳ ಊರು. ಮೇಲೆ ಸಿರಿವಂತರು, ಕೆಳಗೆ ಬಡವರು, ಅದಕ್ಕೂ ಕೆಳಗೆ ಕುಲುಮೆಗಳು. ದೊಡ್ಡ ಯುದ್ಧ ಮುಗಿದು ಎರಡೇ ವರ್ಷ ಆಗಿರುತ್ತದೆ, ಹಾಗಾಗಿ ಪತ್ತೇದಾರಿ ಕಥೆಗೆ ಹೇಳಿ ಮಾಡಿಸಿದ ಜಾಗ. ಆದರೆ ಮೊದಲ ಸಲ ಆಡಿಸುವವರಿಗೆ ಓದೋದು ಜಾಸ್ತಿ ಆಗುತ್ತದೆ. ಮಾಂಟಿ ಕುಕ್ ಬರೆದ ಟಾಲಸ್ ಅನ್ನೋ ಇನ್ನೊಂದು ನಗರವಂತೂ 2006ರಲ್ಲೇ 672 ಪುಟದ ಪುಸ್ತಕ. ಓದೋಕೆ ಮಜಾ, ಮೇಜಿನ ಮೇಲೆ ಹುಡುಕೋಕೆ ಕಷ್ಟ.

ನನ್ನ ಓಟು ಡಾಸ್ಕ್‌ವೋಲ್‌ಗೆ. ಜಾನ್ ಹಾರ್ಪರ್ ಬರೆದ ‘ಬ್ಲೇಡ್ಸ್ ಇನ್ ದ ಡಾರ್ಕ್’ ಆಟದ ನಗರ. ಸೂರ್ಯ ಒಡೆದು ನೂರಾರು ವರ್ಷ ಆಗಿದೆ, ಊರ ಸುತ್ತ ಮಿಂಚಿನ ಬೇಲಿ, ಬೇಲಿಯಾಚೆ ಪ್ರೇತಗಳು. ಸಮುದ್ರದ ದೈತ್ಯ ಪ್ರಾಣಿಗಳ ರಕ್ತದಿಂದಲೇ ಊರಿಗೆ ಕರೆಂಟು. ಅಲ್ಲಿ ಬೀದಿಗಳಿಗಿಂತ ಗುಂಪುಗಳು ಮುಖ್ಯ. ಒಂದೊಂದು ಗುಂಪಿನ ಜೊತೆಗೂ ನಿಮ್ಮವರ ಸಂಬಂಧಕ್ಕೆ ಒಂದು ಅಂಕೆ, ಮೈನಸ್ ಮೂರರಿಂದ ಪ್ಲಸ್ ಮೂರರವರೆಗೆ. ಪ್ರತಿ ಗುಂಪಿನ ಗುರಿಗೆ ಒಂದು ವೃತ್ತ ಬರೆದು ನಾಲ್ಕು, ಆರು ಅಥವಾ ಎಂಟು ಭಾಗ ಮಾಡಿ, ಕೆಲಸ ಸಾಗಿದಂತೆ ತುಂಬುತ್ತಾ ಹೋಗೋದು. ಆಟಗಾರರು ತಲೆ ಹಾಕದಿದ್ದರೂ ವೃತ್ತ ತುಂಬುತ್ತದೆ. ಇಷ್ಟನ್ನು ಎತ್ತಿಕೊಂಡು ಯಾವ ಆಟಕ್ಕೆ ಬೇಕಾದರೂ ಹಾಕಬಹುದು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೂ. ‘ಬ್ಲೇಡ್ಸ್’ ಆಟದ ಎಸ್‌ಆರ್‌ಡಿ, ಅಂದರೆ ಬರೀ ಮೂಲ ನಿಯಮಗಳ ಪಠ್ಯ, ನೆಟ್‌ನಲ್ಲಿ ಪುಕ್ಕಟೆ ಇದೆ, ಮೊದಲು ಅದನ್ನೇ ಓದಿ.

ಹಾಗೆ ನೋಡಿದರೆ ನಿಮಗೆ ಪುಸ್ತಕವೇ ಯಾಕೆ ಬೇಕು ಮಾರಾಯ್ರೆ? ಪಕ್ಕದಲ್ಲೇ ಮಿರ್ಜಾನ್ ಕೋಟೆ ಇದೆ. ಅದನ್ನು ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದರು. ಅಘನಾಶಿನಿ ದಡದಲ್ಲಿ ಕೋಟೆ ಇರುವ ಒಂದು ಬಂದರು ಬರೆಯಿರಿ, ಹೆಸರು ಬೇರೆ ಇಡಿ. ಗುಂಪುಗಳು ಐದು ಸಾಕು: ರಾಣಿಯ ಸುಂಕದಕಟ್ಟೆ, ಘಟ್ಟದಿಂದ ಮೆಣಸು ತರುವ ಹೇರೆತ್ತಿನವರು, ದೋಣಿಯವರು, ಸಾಲ ಕೊಡುವ ಸಾಹುಕಾರರು, ಹೊಳೆಬಾಯಲ್ಲಿ ಲಂಗರು ಹಾಕಿ ಕಾಯುವ ಪರದೇಶಿ ಹಡಗಿನವರು. ಜಾದೂ ಬೇಕೆಂದರೆ ಮೆಣಸಿಗೇ ಹಾಕಿ.

ಇಲ್ಲಿ ಯಾವ ಪುಸ್ತಕವೂ ಕೊಡದ ಒಂದು ಅನುಕೂಲ ಇದೆ, ಮಳೆಗಾಲ. ಹಾಯಿ ಹಡಗಿನ ಕಾಲದಲ್ಲಿ ಮಳೆ ಹಿಡಿದರೆ ಈ ಕರಾವಳಿಯ ಬಂದರುಗಳಲ್ಲಿ ವ್ಯಾಪಾರ ಬಂದ್. ಹಡಗು ಬರಲ್ಲ, ಘಟ್ಟದ ದಾರಿ ಕೆಸರು, ಗೋದಾಮಿನ ಮೆಣಸಿಗೆ ಬೂಸ್ಟು ಹಿಡಿಯುವ ಭಯ, ಸಾಲದ ಗಡುವು ಮಾತ್ರ ನಿಲ್ಲಲ್ಲ. ಶತ್ರು, ಮಿತ್ರ, ಪರದೇಶಿ ಎಲ್ಲರೂ ಒಂದೇ ಊರಲ್ಲಿ ಸಿಕ್ಕಿಬಿದ್ದಿರುತ್ತಾರೆ. ಮಳೆ ಶುರುವಾಗಲು ಒಂದು ವಾರ ಇದೆ ಅನ್ನುವಲ್ಲಿಂದ ಕಥೆ ಶುರು ಮಾಡಿ.

ಮೊದಲ ಸೆಷನ್‌ಗೆ ಇಡೀ ಊರು ಬರೆಯಲು ಕೂರಬೇಡಿ. ಒಂದು ಕೇರಿ, ಮೂರು ಮುಖ ಸಾಕು. ನಾಲ್ವರನ್ನೂ ‘ಈ ಊರಲ್ಲಿ ನೀನು ಯಾರ ಸಾಲ ತೀರಿಸೋದಿದೆ?’ ಅಂತ ಕೇಳಿ, ಅವರು ಹೇಳಿದ ಹೆಸರು ಬರೆದುಕೊಳ್ಳಿ. ಒಂದು ತಿಂಗಳ ಆಟಕ್ಕೆ ಅಷ್ಟು ಸಾಕಾಗುತ್ತದೆ. ನಕಾಶೆ ಬೇಕಾದರೆ ನಾನು ಪೆನ್ಸಿಲ್‌ನಲ್ಲಿ ಬರೆದದ್ದೊಂದು ಇದೆ, ಸಂಜೆ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.